ನಾಲಿಗೆಗೆ ಅಂಟುವ ಕಲ್ಲು

ಅಶೋಕ ರಸ್ತೆಯ ಹಿಂದಿನ ಗಲ್ಲಿ. ಬೆಳಗಿನ ಹತ್ತೂವರೆ.
ಓಪಲ್ ನೋಡಲು ಇದೇ ಹೊತ್ತು:
ಬಿಸಿಲು ಎದುರು ಗೋಡೆಗೆ ಬಡಿದು, ಮೆತ್ತಗಾಗಿ
ನನ್ನ ಮಣೆಗೆ ಬರುತ್ತದೆ.

ಮಂಡಿ ಮೊಹಲ್ಲಾದಲ್ಲಿ ಮೆಸ್ ನಡೆಸುವ ಹೊನ್ನಾಜಮ್ಮ
ಸೆರಗಿಗೆ ಕೈ ಒರೆಸುತ್ತ ಕೂತಿದ್ದಾರೆ.
ಜಾತಕದಲ್ಲಿ ಶುಕ್ರ ಕೆಟ್ಟಿದ್ದಾನಂತೆ. ವಜ್ರಕ್ಕೆ ದುಡ್ಡಿಲ್ಲ.
"ಬಾಳಿಕೆ ಬರೋದು ಕೊಡಪ್ಪ, ಚೆಂದ ಆಮೇಲೆ."

ಕರಿ ಬಟ್ಟೆಯ ಮೇಲೆ ನಾಲ್ಕು ಇಟ್ಟೆ.

ಇದು ಆಸ್ಟ್ರೇಲಿಯಾದ್ದು. ನೀರು ಬೆರೆಸಿದ ಹಾಲು.
ಹೊರಳಿಸಿದರಷ್ಟೇ ಒಂದು ಹಸಿರು ಗೆರೆ,
ನೆಂಟರು ಬಂದಾಗ ಬಾಗಿಲ ಸಂದಿಯಿಂದ ಇಣುಕುವ ಮಗು.
ಆದರೆ ಗಟ್ಟಿ. ಹನ್ನೆರಡು ವರ್ಷದ ಹಿಂದೆ ಕೂರಿಸಿದ್ದು
ಮೊನ್ನೆ ಉಂಗುರ ಸವೆದು ಬಂದಿತ್ತು. ಕಲ್ಲಿಗೆ ಬಿರುಕಿಲ್ಲ.

ಮೆಕ್ಸಿಕೋದ್ದು ಕಿತ್ತಳೆ ಕೆಂಡ; ಒಳಗೆ ಆಟವಿಲ್ಲ.

ಇದನ್ನು ಅಡ್ಡ ಹಿಡಿದು ನೋಡಿ, ಅಂಟಿನ ಗೆರೆ:
ಮೇಲೆ ಗಾಜು, ತಳಕ್ಕೆ ಕರಿ ಬಿಲ್ಲೆ,
ನಡುವೆ ಈರುಳ್ಳಿ ಸಿಪ್ಪೆಯಷ್ಟು ಓಪಲ್.
ದಿನಾ ಪಾತ್ರೆ ತೊಳೆದರೆ ಅಂಚಿನಿಂದ ಮಂಜು ಕವಿಯುತ್ತದೆ.
ಇದನ್ನೂ ಮಾರುತ್ತೇನೆ. ಹೇಳಿ ಮಾರುತ್ತೇನೆ.

ನಾಲ್ಕನೆಯದು ಇಥಿಯೋಪಿಯಾದ್ದು.
ಹೊನ್ನಾಜಮ್ಮ ಸುಮ್ಮನಾದರು. ಎಲ್ಲರೂ ಇಲ್ಲೇ ಸುಮ್ಮನಾಗುತ್ತಾರೆ.
ಜೇನುಹಟ್ಟಿಯ ಒಂದೊಂದು ಕಣ್ಣಿಗೂ ಒಂದೊಂದು ದೀಪ,
ಕೆಂಪು, ನೀಲಿ, ಮತ್ತೆ ಕೆಂಪು;
ಬೆಲೆ ಮಾತ್ರ ಮೊದಲನೆಯದರ ಅರ್ಧ.

ಆದರೆ ಕುಡುಕ ಕಲ್ಲು ಕಣಮ್ಮ.
ನೀರಿಗೆ ಬಿದ್ದರೆ ಬಣ್ಣ ನುಂಗಿ ಬರೀ ಗಾಜು,
ಆರಿದರೆ ವಾಪಸ್ಸು, ಎರಡು ದಿನಕ್ಕೋ ವಾರಕ್ಕೋ.
ಅರಿಸಿನ, ಒಗ್ಗರಣೆ ಎಣ್ಣೆ ಕುಡಿದರೆ
ವಾಪಸ್ಸಿನ ಮಾತಿಲ್ಲ.

ನನ್ನ ಗುರು ಜಮೀಲ್ ಚಾಚಾ ಹೊಸ ಸರಕನ್ನು
ವರ್ಷಗಟ್ಟಲೆ ಮುಚ್ಚಳವಿಲ್ಲದ ಡಬ್ಬಿಯಲ್ಲಿ ಬಿಡುತ್ತಿದ್ದರು:
"ಒಡೆಯೋದಿದ್ರೆ ನಮ್ಮನೇಲೇ ಒಡೀಲಿ."
ಬೆಳಿಗ್ಗೆ ಡಬ್ಬಿ ಅಲ್ಲಾಡಿಸಿ, ಕೂದಲೆಳೆ ಬಿರುಕಿನವನ್ನು ಆರಿಸಿ
ಮೊಮ್ಮಗಳಿಗೆ ಕೊಡುತ್ತಿದ್ದರು, ಕುಂಟೆಬಿಲ್ಲೆಗೆ.
ತಿಳಿಯದ ಕಲ್ಲಾದರೆ ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದರು.
ಬಾಯಾರಿದ್ದು ಅಂಟಿಕೊಳ್ಳುತ್ತದೆ.

"ಕೊಡಿಲ್ಲಿ."

ನಾನು ಬೇಡ ಅನ್ನುವುದರೊಳಗೆ
ಮೂವತ್ತು ವರ್ಷ ಸಾರಿನ ರುಚಿ ನೋಡಿದ ನಾಲಿಗೆ
ಹೊರಬಂತು. ಕಲ್ಲು ಅಂಟಿತು, ಬಿಡಲಿಲ್ಲ.
ಕಣ್ಣು ಮುಚ್ಚಿ, ಒಲೆಯ ಮುಂದೆ ನಿಂತವರ ಹಾಗೆ ಕೊಂಚ ಹೊತ್ತು.
ಆಮೇಲೆ ಕಿತ್ತು ನನ್ನ ಅಂಗೈಗಿಟ್ಟರು:
"ಉಪ್ಪಿಲ್ಲ."

ಆ ಮಂಕು ಹಾಲಿಗೇ ಬೆರಳಿನ ಅಳತೆ ಕೊಟ್ಟು ಹೊರಟರು,
ಮಧ್ಯಾಹ್ನದ ಅನ್ನಕ್ಕೆ ಹೊತ್ತಾಯಿತೆಂದು.

ಇಥಿಯೋಪಿಯಾದ್ದರ ನೆತ್ತಿಯಲ್ಲಿ
ಎಳ್ಳುಕಾಳಿನಷ್ಟು ತಿಳಿ ಕಿಟಕಿ.
ಆರಲಿ ಎಂದು ಬಟ್ಟೆಯ ಮೇಲೆ ಬಿಟ್ಟೆ.
ಮೂರು ಗಂಟೆಗೂ ಅದು ಅಲ್ಲೇ ಇತ್ತು.