ಹತ್ತಿ ಬ್ಯಾಡ

ಮೂರು ದಿನ ಪಂಪಿಗೆ ಬೈದೆವು.
ಎಣ್ಣೆ ಬದಲಿಸಿ, ಬಾಗಿಲ ರಬ್ಬರಿಗೆ ಗ್ರೀಸು ಸವರಿ,
ಸೋರುವ ತೂತು ಹುಡುಕುತ್ತ
ಚೇಂಬರಿನ ಸಂದುಗೊಂದಿಗೆಲ್ಲ ಸ್ಪಿರಿಟ್ಟು ಚಿಮುಕಿಸಿ
ಮುಳ್ಳನ್ನೇ ನೋಡಿದೆವು. ಅಲುಗಲಿಲ್ಲ.
ಗೇಜು ಒಪ್ಪದೆ ಒಳಗಿನ ಅಲ್ಯೂಮಿನಿಯಂ ಉರಿಯುವುದಿಲ್ಲ;
ತಾರಿಹಾಳದ ಶೆಡ್ಡಿನಲ್ಲಿ ಬೆಳ್ಳಿಯಾಗಬೇಕಿದ್ದ
ನಾಲ್ಕು ನೂರು ಪ್ಲಾಸ್ಟಿಕ್ ಬಾಸಿಂಗ,
ಕಬಡ್ಡಿ ಕಪ್ಪುಗಳು, ಟೆಂಪೋ ಹೆಡ್‌ಲೈಟಿನ ಬಟ್ಟಲು
ಬೂದು ಮೈಯಲ್ಲೇ ಸಾಲಾಗಿ ಕೂತಿದ್ದವು
ಮುಹೂರ್ತ ಮುಂದೆ ಹೋದ ಮನೆಯವರ ಹಾಗೆ.

ನಾಲ್ಕನೆಯ ದಿನ ರಜೆ ಮುಗಿಸಿ ಬಂದ ಖಾದರಸಾಬ ನದಾಫ
ಪಂಪಿನ ಮೈಗೆ ಅಂಗೈ ಒತ್ತಿ ನಿಂತ.
"ಇದು ಪಾಪ, ಎಳ್ಯಾಕತ್ತೈತಿ. ಸುಳ್ಳು ಹೇಳಾಂವ ಇಂವ,"
ಬೆರಳು ಗೇಜಿನ ಕಡೆಗೆ.
ಮೀಟರನ್ನು ನಂಬು ಎಂದೇ ಡಿಪ್ಲೊಮಾದಲ್ಲಿ ಕಲಿತವಳು ನಾನು.
ಏನೂ ಅನ್ನದೆ ಸ್ಪ್ಯಾನರು ಕೊಟ್ಟೆ.

ಮೊದಲು ಕೈ ತೊಳಿ. ಮತ್ತೊಮ್ಮೆ ತೊಳಿ.
ಮಿರ್ಚಿ ತಿಂದ ಒಂದು ಬೆರಳಿನ ಗುರುತು
ಚೇಂಬರಿನೊಳಗೆ ಎರಡು ದಿನ ಉಸಿರಾಡುತ್ತದಂತೆ.

ಕೂದಲಿಗಿಂತ ತೆಳು ತಂತಿ ಅದು.
ತನ್ನ ಬಿಸಿ ಎಷ್ಟು ಬೇಗ ಆರಿತು ಎಂಬುದರಿಂದ
ಸುತ್ತ ಎಷ್ಟು ಗಾಳಿ ಉಳಿದಿದೆ ಎಂದು ಹೇಳುವ ತಂತಿ.
ಎಣ್ಣೆಯ ಪೊರೆ ಕೂತರೆ
ಬರಿದಾದದ್ದನ್ನೂ ತುಂಬಿದೆ ಅನ್ನುತ್ತದೆ.
ಮುಟ್ಟಬಾರದು, ಊದಬಾರದು, ಬ್ರಷ್ಷು ತೋರಿಸಲೂಬಾರದು.
ಕೂಸಿಗೆ ಒಳಲೆ ಹಿಡಿದಂತೆ ಓರೆ ಹಿಡಿದು
ಅಸಿಟೋನನ್ನು ಗೋಡೆಗುಂಟ ಇಳಿಸಿ
ಕಾಯಬೇಕು,
ಬಗ್ಗಿಸಬೇಕು, ಮತ್ತೆ ತುಂಬಬೇಕು.
ಮೊದಲ ಸಲ ಚಹಾದ ಬಣ್ಣ. ಆಮೇಲೆ ಗಂಜಿ ತಿಳಿ.
ಐದನೆಯ ಸಲ ಬಣ್ಣ ಅನ್ನುವುದೇ ಇರಲಿಲ್ಲ.

ಬಾಯಿ ಒರೆಸೋಣವೆಂದು
ಫಸ್ಟ್ ಏಡ್ ಡಬ್ಬಿಯಿಂದ ಹತ್ತಿ ತಂದೆ.
"ಹತ್ತಿ ಬ್ಯಾಡ!"
ಎರಡು ವರ್ಷದಲ್ಲಿ ಅವನ ದನಿ ಏರಿದ್ದು ಅದೊಂದೇ ಸಲ.
ಒಂದು ಎಳೆ ತೊಡರಿದರೆ ಸಾಕಂತೆ, ತಂತಿ ಹೋಯಿತು.
ಅಂದವನು ತಾನೇ ನಕ್ಕುಬಿಟ್ಟ.

ನದಾಫರ ಮನೆಯವ. ಅವನ ಅಪ್ಪ
ಗದಗಿನ ಓಣಿ ಓಣಿಯಲ್ಲಿ ಹೆಗಲಿಗೆ ಬಿಲ್ಲು ಹೊತ್ತು
ಮಲಗಿ ಮಲಗಿ ಗಟ್ಟಿಯಾದ ಗಾದಿಗಳ ಹತ್ತಿಯನ್ನು
ಟೊಂಯ್ ಟೊಂಯ್ ಎಂದು ಹಿಂಜಿ ಗಾಳಿ ತುಂಬುತ್ತಿದ್ದ.
ಸಂಜೆ ಮನೆಗೆ ಬಂದರೆ ಹುಬ್ಬು ರೆಪ್ಪೆ ಎಲ್ಲ ಬೆಳ್ಳಗೆ,
ಮಕ್ಕಳಿಗೆ ಗುರುತು ಸಿಗುತ್ತಿದ್ದುದು ಕೆಮ್ಮಿನಿಂದ.
"ಅಪ್ಪ ಗಾಳಿ ತುಂಬಿ ರೊಕ್ಕಾ ತಂದ, ನಾ ತಗದು ತರತೇನಿ."
ಸ್ವಲ್ಪ ಹೊತ್ತು ಬಿಟ್ಟು,
"ಕಡೀಕ ದವಾಖಾನ್ಯಾಗ ಒಂದು ನಳಗಿ ಊದ್ಸಿದ್ರು.
ಎದಿಯಾಗ ಉಳದಿದ್ದ ಗಾಳಿ ಇಷ್ಟss ಅಂತ ಬಂತು.
ಆ ಗೇಜು ಯಾರರ ತೊಳದಿದ್ರೋ ಇಲ್ಲೋ.
ಕೇಳಬೇಕಿತ್ತು."

ರಾತ್ರಿಯಿಡೀ ಒಣಗಲು ಬಿಟ್ಟೆವು.

ಬೆಳಿಗ್ಗೆ ಜೋಡಿಸಿ, ಬಾಗಿಲು ತೆರೆದಿಟ್ಟು,
ಹೊರಗಿನ ಗಾಳಿಗೆ ಮುಳ್ಳನ್ನು ಒಗ್ಗಿಸುವಾಗ
ಪುಸ್ತಕ ನೋಡಿ ಸಾವಿರದ ಹದಿಮೂರಕ್ಕೆ ತಿರುಪು ತಿರುಗಿಸಿದೆ.
"ಅದು ಸಮುದ್ರದ ದಂಡಿ ಲೆಕ್ಕ, ತಂಗಿ.
ನಾವು ಎತ್ತರದಾಗ ಅದೇವಿ. ಹುಬ್ಬಳ್ಳಿ ಗಾಳಿ ತೆಳು.
ಒಂಬೈನೂರಾ ನಲವತ್ತಕ್ಕ ನಿಲ್ಲಸು."

ಹಿಂದಕ್ಕೆ ತಿರುಗಿಸಿದೆ, ಕೂದಲೆಳೆಯಷ್ಟು, ಇನ್ನೊಂದೆಳೆ.
ಅಸಿಟೋನಿಗೆ ಬೆಳ್ಳಗಾದ ಬೆರಳು ಉರಿಯುತ್ತಿತ್ತು.
ಬೆನ್ನ ಹಿಂದೆ ಅವನು ಉಸಿರು ಬಿಗಿಹಿಡಿದಿದ್ದ,
ಮತ್ತೆ, ತಡೆಯಲಾರದೆ,
ಕೆಮ್ಮಿದ.