ಪದಕ್ಕೆ ಎಪ್ಪತ್ತು ಪೈಸೆ

ಮೈಸೂರಿನಿಂದ ಬಂದ ಲಕೋಟೆಯಲ್ಲಿ ಈ ಸಲ ವಕಾರದ ನಮೂದುಗಳು:
ವಾಯುಭಾರ, ವಾಲ್ರಸ್, ವಿಕ್ಕಾ, ವಿಕ್ಟೋರಿಯಾ ಜಲಪಾತ.
ಪದಕ್ಕೆ ಎಪ್ಪತ್ತು ಪೈಸೆ. ಗಡುವು ಶೀಗಿ ಹುಣ್ಣಿಮೆಯೊಳಗೆ.

ಸಾಗರದ ಬಸ್ ಸ್ಟ್ಯಾಂಡಿನ ಹಿಂದೆ, ಝೆರಾಕ್ಸ್ ಅಂಗಡಿಯ ಅಟ್ಟದಲ್ಲಿ,
ವಾಲ್ರಸ್ಸಿನ ಕೋರೆಹಲ್ಲು ಮಧ್ಯಾಹ್ನದೊಳಗೆ ಮುಗಿಯಿತು.
ವಿಕ್ಕಾದ ಮೊದಲ ಸಾಲಿಗೇ ಸಿಕ್ಕಿಬಿದ್ದೆ.

ಹಳೆಯ ಇಂಗ್ಲಿಷಿನಲ್ಲಿ ಅದು ಗಂಡಸಿನ ಹೆಸರಂತೆ,
ಮಾಟ ಮಾಡುವವನು.
ಆಮೇಲೆ ಹೆಂಗಸಿನ ತಲೆಗೆ ಬಂತು. ಬರುವುದೇ ಹಾಗೆ.
ಈಗ ಅಲ್ಲಿ ಗಂಡಸರೂ ಹೆಂಗಸರೂ
ಹೌದು, ನಾವು ಅವರೇ ಅಂತ ತಾವಾಗಿ ಹೇಳಿಕೊಳ್ಳುತ್ತಾರೆ,
ಕೊರಳಿಗೆ ಬೆಳ್ಳಿಯ ನಕ್ಷತ್ರ ಹಾಕಿಕೊಂಡು.

ನಿಘಂಟು ಕೊಡುವುದು ಒಂದೇ ಮಾತು: ಮಾಟಗಾತಿ.
ನಾಲ್ಕೇ ಅಕ್ಷರ.
ಕೆಳದಿ ಕಡೆಯ ನಮ್ಮ ಕೇರಿಯಲ್ಲಿ
ಯಾರೂ ಅದನ್ನು ಹೇಳಿಕೊಂಡದ್ದಿಲ್ಲ. ಎಸೆದದ್ದುಂಟು.
ದ್ಯಾವತ್ತೆಯ ಹಣೆಯ ಎಡಕ್ಕೆ, ಕುಂಕುಮಕ್ಕಿಂತ ಒಂದು ಬೆರಳು ಮೇಲೆ,
ಅದು ಬಿದ್ದ ಗುರುತಿತ್ತು.
ಪಟೇಲರ ಎಮ್ಮೆ ಕರು ಹಾಕಿ ಸತ್ತ ವರ್ಷದ್ದು.

ಮುಂದಿನ ಪ್ಯಾರಾ: ಉಗಮ ಮತ್ತು ಪ್ರಭಾವಗಳು.
ಯುಗಯುಗದ್ದು, ಸುಟ್ಟರೂ ಉಳಿದು ಬಂದದ್ದು
ಎಂದು ಮೊದಮೊದಲು ನಂಬಿದರು.
ಇತಿಹಾಸದವರು ಕೂತು ಹೊಲಿಗೆ ಬಿಚ್ಚಿದರು:
ಮಲಯಾದ ಸುಂಕದ ಕಚೇರಿಯಿಂದ ನಿವೃತ್ತನಾಗಿ ಬಂದವನೊಬ್ಬ, ಅವನ ಚೂರಿಗಳು.
ಕಣ್ಣು ಕಟ್ಟಿ ದೀಕ್ಷೆ ಕೊಡುವ ಕ್ರಮ ಫ್ರೀಮೇಸನ್ನರ ಮನೆಯದು.
ವಿದುಷಿಯೊಬ್ಬಳು ಎತ್ತರಕ್ಕೆ ಕಟ್ಟಿದ,
ಆಮೇಲೆ ತೊಲೆ ಸಾಲದೆ ಕುಸಿದ ಒಂದು ವಾದ.
ನಮ್ಮ ಕಡೆಯಿಂದಲೇ ಹಡಗು ಹತ್ತಿದ ಕರ್ಮ, ಚಕ್ರಗಳ ಪುಡಿ.
ನಾಲ್ಕು ಇಲ್ಲಿಂದ, ನಾಲ್ಕು ಅಲ್ಲಿಂದ ತಂದು ವರ್ಷಕ್ಕೆ ಹೊಲಿದ ಎಂಟು ಹಬ್ಬ.
ಎರವಲು ಸಾಲುಗಳ ಗುರುತು ಹಿಡಿದವಳೊಬ್ಬಳು
ಅವನ್ನು ಹೆಕ್ಕಿ ತೆಗೆದು
ದೇವಿಯ ಬಾಯಿಗೆ ಹೊಸ ಮಾತಿಟ್ಟಳು.
ಒಟ್ಟು ವಯಸ್ಸು ಎಪ್ಪತ್ತು ಚಿಲ್ಲರೆ.
ತಾಳಗುಪ್ಪದ ರೈಲಿಗಿಂತ ಚಿಕ್ಕದು.

ನಗು ಬಂತು, ಒಬ್ಬಳೇ ನಕ್ಕೆ.
ಜ್ವರದ ಮಕ್ಕಳಿಗೆ ಉಪ್ಪು ನಿವಾಳಿಸುತ್ತ
ದ್ಯಾವತ್ತೆ ಮಣಮಣ ಅನ್ನುತ್ತಿದ್ದ ಮಂತ್ರ
ಒಂದು ರಾತ್ರಿ, ಲಾಟೀನಿನ ಹತ್ತಿರ, ನನ್ನ ಕಿವಿಗೆ ಬಿಡಿಬಿಡಿಯಾಗಿ ಬಿತ್ತು:
ತಾಳಗುಪ್ಪ, ಸಾಗರ, ಆನಂದಪುರ, ಅರಸಾಳು, ಕುಂಸಿ,
ಹತ್ತಿದವ ಇಳಿ, ಇಳಿದವ ಹೋಗು.

ಅತ್ತೆ, ಇದು ರೈಲು!
‘ಅವ್ವಿ ಹೇಳ್ಕೊಟ್ಟಿದ್ದು ಅರ್ಧ ಮರ್ತೋತು ಮಾರಾಯ್ತಿ.
ಬಾಯಿ ಸುಮ್ನಿದ್ರೆ ಆಗ್ತದಾ?
ಜ್ವರಕ್ಕೇನು, ದಾರಿ ತೋರ್ಸಿರೆ ಸಾಕು.’
ಇಳಿಯುತ್ತಿತ್ತಾ?
‘ಇಳೀತಿತ್ತು. ಕೆಲವು ಮಾತ್ರ ಶಿವಮೊಗ್ಗೆವರೆಗೂ ಹೋದ್ವು,
ಮೆಗ್ಗಾನ್ ಆಸ್ಪತ್ರೆಗೆ.’

ಅವ್ವಿಯ ಉಳಿದರ್ಧ ಎಲ್ಲಿಂದ ಬಂದಿತ್ತೋ ನಾನು ಕೇಳಲಿಲ್ಲ.

ಸಂಜೆ ಇಳಿದು ಹೋಗುವಾಗ, ಅಂಗಡಿಯ ಹಿಂದಿನ ಜಗಲಿಯಲ್ಲಿ
ಹೂವಮ್ಮ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ
ಪುಂಡಿನಾರಿನ ಕುಂಚದಲ್ಲಿ ಬಿಳಿ ಗೆರೆ ಎಳೆಯುತ್ತಿದ್ದಳು,
ಬಸುರಿ ಭೂಮಿಯ ಬಯಕೆಯೂಟ ಹೊರುವ ಬುಟ್ಟಿ.
ಎರಡು ಉದ್ದ ಗೆರೆ, ನಡುವೆ ಅಡ್ಡಡ್ಡ, ಅಡ್ಡಡ್ಡ.
ಹಳಿಯಾ, ಅಂದೆ.
‘ಏಣಿ,’ ಅಂದಳು, ತಲೆ ಎತ್ತದೆ. ‘ಹಿಂದಿಂದ ಬಂದಿದ್ದು.’
ಅಕ್ಕಿಹಿಟ್ಟಿನ ಬಿಳಿಗೆ ಅವಳು ಫೆವಿಕಾಲ್ ಕಲಸಿದ್ದಳು,
ಗದ್ದೆಯಲ್ಲಿ ಇಬ್ಬನಿ ಬಿದ್ದರೂ ಕರಗದಿರಲಿ ಅಂತ.

ನಮೂದು ಮುಗಿಸಿದೆ, ನಾನೂರ ಹನ್ನೆರಡು ಪದ.
ಹಳೆಯದಲ್ಲ ಎಂದು ಬರೆದೆ. ಸುಳ್ಳು ಎಂದು ಬರೆಯಲಿಲ್ಲ.
ಆ ನಾಲ್ಕಕ್ಷರ ಬರಬೇಕಾದಲ್ಲಿ
ಒಂದು ಬೆರಳಷ್ಟು ಜಾಗ ಬಿಟ್ಟೆ.
ಎಪ್ಪತ್ತು ಪೈಸೆ ಹೋಯಿತು, ಹೋಗಲಿ.
ಸಂಪಾದಕರು ಕೆಂಪು ಮಸಿಯಲ್ಲಿ ಅದನ್ನೇ ತುಂಬುತ್ತಾರೆ, ಗೊತ್ತು.

ವಿಕ್ಟೋರಿಯಾ ಜಲಪಾತ. ಎತ್ತರ ನೂರೆಂಟು ಮೀಟರು.
ನಮ್ಮ ಜೋಗದ ಅರ್ಧವೂ ಇಲ್ಲ.