ವಾಯಿದೆ

ಕೋರ್ಟಿನ ಕರೆಗೆ ಇನ್ನೂ ಎರಡು ತಾಸು.
ಲಕ್ಷ್ಮೇಶ್ವರದ ಬಿಸಿಲು ಆಗಲೇ ಕಾಯ್ದಿತ್ತು;
ನೆರಳು ಹುಡುಕಿ ದರ್ಗಾಕ್ಕೆ ಬಂದವನು ನಾನು, ಭಕ್ತನಲ್ಲ.

ಚಪ್ಪಲಿ ಕಾಯುವ ಹುಡುಗ ಕೇಳಿದ:
‘ಚೀಲಾನೂ ಇಡತೀರೇನ್ರಿ?’
ಇಡಲಿಲ್ಲ. ಬಗಲಲ್ಲೇ ಇತ್ತು ಹನ್ನೊಂದು ವರ್ಷದ ಫೈಲು,
ಒಂದೂವರೆ ಗುಂಟೆ ಹಿತ್ತಲಿನ ಜಗಳ.

ಒಳಗೆ ತಂಪು. ಲೋಬಾನದ ಹೊಗೆ.
ಎಷ್ಟೋ ತಲೆಮಾರಿನ ಅಂಗೈ ತಾಗಿ
ಎಣ್ಣೆಗಪ್ಪಾದ ಕಲ್ಲುಕಂಬ,
ಹಸಿರು ಚಾದರದ ಮೇಲೆ ನಿನ್ನೆಯ ಮಲ್ಲಿಗೆ.
ಹೆಣ್ಣುಮಗಳೊಬ್ಬಳು ಬಾಗಿಲ ಬಳಿ ನಿಂತು
ಮೊಬೈಲನ್ನು ಗೋರಿಯತ್ತ ಹಿಡಿದು
ದವಾಖಾನೆಯಲ್ಲಿದ್ದ ಗಂಡನಿಗೆ ತೋರಿಸುತ್ತಿದ್ದಳು:
‘ಕಾಣಸ್ತೇನ್ರಿ? ಈಗ?’

ಬರಿಗೈಯ ನಾಚಿಕೆಗೆ ಹತ್ತು ರೂಪಾಯಿ ಸಕ್ಕರಿ ಕೊಂಡಿದ್ದೆ.
ಮುಜಾವರ ಬಾಬಾಜಾನಸಾಬರು ಪೊಟ್ಟಣ ಬಿಚ್ಚಿ
‘ಯಾರ ಹೆಸರಿಲೆ ಓದ್ಲಿ?’ ಅಂದರು.

ಹೆಂಡತಿ, ಮಗಳು, ಕೈಕೊಟ್ಟ ನನ್ನ ಮೊಣಕಾಲು,
ಎಷ್ಟಿದ್ದವು ಹೇಳಲಿಕ್ಕೆ.
ನಾಲಿಗೆ ನನ್ನನ್ನು ಕೇಳಲಿಲ್ಲ.
‘ಫಕ್ಕೀರಪ್ಪ’ ಅಂದುಬಿಟ್ಟಿತು.

ತಮ್ಮ. ಎದುರುಪಾರ್ಟಿ.
ಹರಕೆ ಹೊತ್ತು ಹಡೆದಿದ್ದಳು ಅವ್ವ ಅವನನ್ನು,
ಎಲ್ಲಿಯ ಹರಕೆ, ನಾವ್ಯಾರೂ ಕೇಳಿರಲಿಲ್ಲ.

ನವಿಲುಗರಿ ನನ್ನ ಹೆಗಲಿಗೆ ತಾಗಿಸಿ
ಮುದುಕರು ನಕ್ಕರು:
‘ಇಲ್ಲಿಂದನ ಒಯ್ದ ಹೆಸರಲ್ಲೇನ್ರಿ ಅದು.’

ಓದಿಸಿದ ಸಕ್ಕರಿಯನ್ನು ಚೀಲಕ್ಕೆ ಹಾಕಿಕೊಂಡೆ.

ಮಧ್ಯಾಹ್ನ, ಮೇಜಿನ ಆಚೆ ಅವನು, ಈಚೆ ನಾನು.
ವಕೀಲರು ನಕ್ಷೆ ಬಿಡಿಸಿದರೆ
ಇರುವೆಗಳು.
ಕೆಂಪು ಗೆರೆ ದಾಟಿ ಅವನ ಭಾಗಕ್ಕೆ,
ಮತ್ತೆ ನನ್ನ ಭಾಗಕ್ಕೆ, ಪೊಟ್ಟಣ ಹರಿದದ್ದು ಎಲ್ಲೆಂದು ಹುಡುಕುತ್ತ.
ವಕೀಲರು ಅಂಗೈ ಎತ್ತಿದರು ಒರೆಸಲು.
‘ತಡೀರಿ’ ಅಂದ ಫಕ್ಕೀರಪ್ಪ.
ಬಗ್ಗಿ, ಮೆಲ್ಲಗೆ ಊದಿದ.

ಮುಂದಿನ ವಾಯಿದೆ ಹದಿನೇಳಕ್ಕೆ.